"ಶುಗರ್ ಎಷ್ಟು?" ಎಂದಷ್ಟೇ ಕೇಳುತ್ತಿದ್ದೆವು

ನಮ್ಮ ಅಬ್ಬಾ ಶ್ರೀರಾಮನಗರದ ರೈಸ್ ಮಿಲ್ಲೊಂದರಲ್ಲಿ ಹಮಾಲಿ ಮಾಡುತ್ತಾರೆ. ಮೂರು ವರ್ಷಗಳ ಹಿಂದೆ ಅವರಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಅಂದಿನಿಂದ ಮನೆಯಲ್ಲಿ ಒಂದೇ ಪ್ರಶ್ನೆ: "ಶುಗರ್ ಎಷ್ಟು ಬಂತು?" ಹೆಚ್ಚು ಬಂದರೆ ಅಮ್ಮಿ, "ಎಲ್ಲಿ ಚಹಾ ಕುಡಿದು ಬಂದ್ರಿ?" ಎಂದು ಗದರುತ್ತಿದ್ದರು. ವಿಜ್ಞಾನ ಓದುವವಳೆಂಬ ಹೆಮ್ಮೆಯಿಂದ ನಾನೂ ಪಾಠ ಹೇಳುತ್ತಿದ್ದೆ.

ಅಬ್ಬಾ ನಿಧಾನವಾಗಿ ಬದಲಾದರು. ಮದುವೆ ಊಟಗಳಿಗೆ ಹೋಗುವುದನ್ನು ಬಿಟ್ಟರು. ರಾತ್ರಿ ನಿದ್ದೆ ಬಾರದೆ ಕಟ್ಟೆಯ ಮೇಲೆ ಕೂರುತ್ತಿದ್ದರು. ಸಣ್ಣ ಮಾತಿಗೂ ಸಿಟ್ಟು. "ಶುಗರ್ ಇದ್ದವರೇ ಹಾಗೆ" ಎಂದು ನಾವು ಸುಮ್ಮನಾದೆವು.

ಕಳೆದ ರಂಜಾನ್‌ನಲ್ಲಿ ರೋಜಾ ಬೇಡವೆಂದು ಡಾಕ್ಟರು ಹೇಳಿದ್ದರು. ಅದನ್ನು ಅಬ್ಬಾ ನಮಗೆ ತಿಳಿಸಲೇ ಇಲ್ಲ. ಸಹರಿಯಲ್ಲಿ ಮಾತ್ರೆ ನುಂಗಿ ಕೆಲಸಕ್ಕೆ ಹೋಗುತ್ತಿದ್ದರು. ಮೂರನೆಯ ದಿನ ಮಧ್ಯಾಹ್ನ ಕೈಕಾಲು ನಡುಗಿ, ಬೆವೆತು, ಭತ್ತದ ಚೀಲಗಳ ಪಕ್ಕದಲ್ಲೇ ಕುಸಿದು ಕುಳಿತರು. ಜೊತೆಯವರು ಸಕ್ಕರೆ ನೀರು ಕುಡಿಸಿ ಕರೆತಂದರು. ಆಮೇಲೆ ನೋಡಿದರೂ ಮೀಟರಿನಲ್ಲಿ 64.

ಅಂದು ಸಂಜೆ ಅಬ್ಬಾ ಅತ್ತರು. "ಚೀಲ ಹೊರುವವನು ಒಂದು ರೋಜಾ ಇಡಲಾರೆನೇ? ಜನ ಏನಂದಾರು?" ಅವರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಕಾಯಿಲೆಯವರಿಗೆ ಕುರ್‌ಆನ್ ವಿನಾಯಿತಿ ಕೊಟ್ಟಿದೆ, ಇಡಲಾಗದವರು ಬಡವರಿಗೆ ಊಟ ಕೊಡಬಹುದು ಎಂದು ಇಮಾಮ್ ಸಾಹೇಬರು ಮನೆಗೇ ಬಂದು ತಿಳಿಹೇಳಿದರು. ಆ ರಾತ್ರಿ ಅಬ್ಬಾ ನಿದ್ದೆ ಮಾಡಿದರು.

ಆಮೇಲೆ ಜೀವಶಾಸ್ತ್ರದ ಮೇಡಂ ಬಳಿ ಕೇಳಿದೆ. ಚಿಂತೆ, ಭಯ ಹೆಚ್ಚಾದಾಗ ಅಡ್ರಿನಲಿನ್, ಕಾರ್ಟಿಸಾಲ್ ಹಾರ್ಮೋನುಗಳು ರಕ್ತದ ಸಕ್ಕರೆಯನ್ನು ಏರಿಸುತ್ತವೆ. ಏರಿದ ಸಕ್ಕರೆ ಮತ್ತೆ ಚಿಂತೆ ತರುತ್ತದೆ. ಮನಸ್ಸು ಕುಗ್ಗಿದವರು ಮಾತ್ರೆ, ನಡಿಗೆ, ಊಟದ ಹೊತ್ತು ಎಲ್ಲವನ್ನೂ ಕೈಬಿಡುತ್ತಾರೆ. ಮಧುಮೇಹ ಇರುವವರಲ್ಲಿ ಖಿನ್ನತೆ ಉಳಿದವರಿಗಿಂತ ಹೆಚ್ಚು ಕಾಣುತ್ತದಂತೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿದ್ದಾರೆ. ಅವರಲ್ಲಿ ಎಷ್ಟು ಜನ ನಮ್ಮ ಅಬ್ಬಾನಂತೆ ಕಟ್ಟೆಯ ಮೇಲೆ ಒಬ್ಬರೇ ಕೂತಿರಬಹುದು?

ಮನಸ್ಸಿನ ಡಾಕ್ಟರ ಮಾತೆತ್ತಿದಾಗ ಅಬ್ಬಾ, "ನನಗೇನು ಹುಚ್ಚೇ?" ಎಂದರು. ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಫೋನ್ ಹಚ್ಚಿ ಅವರ ಕೈಗೆ ಕೊಟ್ಟೆ. 2022ರಲ್ಲಿ ಶುರುವಾದ ಈ ಸರ್ಕಾರಿ ಸೇವೆ ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅಬ್ಬಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಮಾತಾಡಿದರು. ಏನು ಮಾತಾಡಿದರೋ ನಾನು ಕೇಳಲಿಲ್ಲ.

ಗೆಳೆಯರೇ, ನಿಮ್ಮ ಮನೆಯಲ್ಲೂ ಶುಗರ್ ಇರುವವರಿದ್ದರೆ ಗದರುವ ಮೊದಲು ಹತ್ತು ನಿಮಿಷ ಪಕ್ಕದಲ್ಲಿ ಕೂಡಿ. ಈಗ ಸಂಜೆ ನಾನೂ ಅಬ್ಬಾನೂ ಕಾಲುವೆ ದಾರಿಯಲ್ಲಿ ನಡೆಯುತ್ತೇವೆ. ನಿನ್ನೆ ಮೀಟರಿನಲ್ಲಿ 190 ಬಂದಿತ್ತು. ಮೊದಲಾಗಿದ್ದರೆ ಬಚ್ಚಿಡುತ್ತಿದ್ದರು. ನಿನ್ನೆ ತಾವೇ ತೋರಿಸಿ, "ನಡಿ ಬೇಟಿ, ಇವತ್ತು ಸ್ವಲ್ಪ ದೂರ ಹೋಗೋಣ" ಎಂದರು.