ಗಂಟುಬಳೆ

ನಮ್ಮ ಸೀಮೆಯಲ್ಲಿ ‘ಎಣ್ಣೆ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಒಂದು, ಕೊಬ್ಬರಿಯನ್ನು ಗಾಣಕ್ಕೆ ಹಾಕಿ ತೆಗೆಯುವುದು; ಇನ್ನೊಂದು, ಸಂಜೆ ಏಳರ ಮೇಲೆ ಹೆದ್ದಾರಿಯ ಮಗ್ಗುಲಲ್ಲಿ ಬಣ್ಣದ ದೀಪದ ಕೆಳಗೆ ಕುಳಿತು ಕುಡಿಯುವುದು. ನಮ್ಮ ಕಾಲೇಜಿನ ಲೈಬ್ರರಿಯಲ್ಲಿರುವ ನಿಘಂಟಿನಲ್ಲಿ ಎರಡನೆಯ ಅರ್ಥ ಇಲ್ಲ. ನನ್ನ ವಿದ್ಯಾರ್ಥಿಗಳಿಗೆ ಮಾತ್ರ ಮೊದಲು ಹೊಳೆಯುವುದು ಅದೇ. ತರಗತಿಯಲ್ಲಿ ‘ಎಣ್ಣೆಯಿಲ್ಲದ ದೀಪ’ ಎಂದು ಒಮ್ಮೆ ಬಾಯಿತಪ್ಪಿ ಉಪಮೆ ಕೊಟ್ಟು ನಾನು ಐದು ನಿಮಿಷ ಸುಮ್ಮನೆ ನಿಂತುಕೊಳ್ಳಬೇಕಾಯಿತು. ಈ ಎರಡು ಎಣ್ಣೆಗಳಿಗೂ ನಂಟು ಬೆಳೆಸುವ ಕೆಲಸದಲ್ಲಿ ನಾನೇ ಪುರೋಹಿತನಾಗುತ್ತೇನೆಂದು ಆಗ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ—ಈ ಮೂರು ತಾಲ್ಲೂಕುಗಳಲ್ಲಿ ಹುಟ್ಟಿದವನಿಗೆ ಲೋಕದ ಸುಖದುಃಖಗಳೆಲ್ಲ ಕ್ವಿಂಟಲ್ ಲೆಕ್ಕದಲ್ಲಿ ತಿಳಿಯುತ್ತವೆ. ಕರಾವಳಿಯವರಂತೆ ನಾವು ಕಾಯಿ ಒಡೆದು ಹೋಳನ್ನು ಬಿಸಿಲಿಗೆ ಹಾಕುವವರಲ್ಲ. ಬಲಿತ ಕಾಯನ್ನು ಇಡಿಯಾಗಿ ಅಟ್ಟಕ್ಕೆ ಏರಿಸಿ, ಹತ್ತು ಹನ್ನೊಂದು ತಿಂಗಳು ಅದರ ಪಾಡಿಗೆ ಅದನ್ನು ಬಿಡುತ್ತೇವೆ. ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಆಗ ಸುಲಿದು, ಚಿಪ್ಪು ಒಡೆದರೆ ಉಂಡೆ ಕೊಬ್ಬರಿ. ಹೀಗಾಗಿ ನಮ್ಮ ರೈತನ ಒಂದು ವರ್ಷದ ಬಾಳು ಅಟ್ಟದ ಮೇಲೆ ಕತ್ತಲಲ್ಲಿ ಇರುತ್ತದೆ. ಅದನ್ನು ಕೆಳಗಿಳಿಸುವ ದಿನ ತಿಪಟೂರಿನ ಮಾರುಕಟ್ಟೆಯಲ್ಲಿ ಧಾರಣೆ ಏನಿರುತ್ತದೆಂಬುದನ್ನು ಯಾವ ಪಂಚಾಂಗವೂ ಹೇಳಲಾರದು. ಕ್ವಿಂಟಲಿಗೆ 15,000 ರೂಪಾಯಿ ದಾಟಿದ್ದನ್ನು ಕಂಡಿದ್ದ ಕೊಬ್ಬರಿ 2023ರಲ್ಲಿ ಎಂಟು ಸಾವಿರದ ಆಸುಪಾಸಿಗೆ ಇಳಿಯಿತು. ಆ ವರ್ಷ ಸರ್ಕಾರ ಗೊತ್ತುಮಾಡಿದ್ದ ಬೆಂಬಲ ಬೆಲೆ 11,750. ಗೊತ್ತುಮಾಡುವುದು ಬೇರೆ, ಕೈಗೆ ಬರುವುದು ಬೇರೆ.

ಅದೇ ವರ್ಷದ ಕೊನೆಗೆ ನನ್ನ ಅಣ್ಣನ ಮಗ ಜರ್ಮನಿಯಿಂದ ಮರಳಿದ. ಇಂಜಿನಿಯರಿಂಗ್ ಓದಿ, ಸ್ಟುಟ್‌ಗಾರ್ಟ್ ಕಡೆಯ ಯಂತ್ರದ ಕಾರ್ಖಾನೆಯೊಂದರಲ್ಲಿ ಎರಡು ವರ್ಷ ಇದ್ದವನು. ಗುತ್ತಿಗೆ ಮುಗಿಯಿತು, ಬಂದ. ತೋಟ ಇದೆ, ತೋಟದ ಮೇಲೆ ಸಾಲವೂ ಇದೆ. ಸಾಲ ನಮ್ಮ ಅಣ್ಣನ ಕಾಲದ್ದು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹುಡುಗ ಚಾಕೊಲೇಟಿನ ಜೊತೆಗೆ ಒಂದು ಪೊಟ್ಟಣ ಕಂದುಬಣ್ಣದ ಒಣ ತಿನಿಸನ್ನೂ ತಂದಿದ್ದ. ಹೆಬ್ಬೆಟ್ಟಿನ ಗಾತ್ರ, ಮೇಲೆ ಹರಳುಪ್ಪು. ನನ್ನ ತಾಯಿ ಕನ್ನಡಕ ಏರಿಸಿ ಒಂದನ್ನು ತಿರುಗಿಸಿ ನೋಡಿ, “ಕೋಡುಬಳೆ ಅಲ್ವೇನೋ ಇದು? ಪಾಪ, ಯಾರೋ ಸುತ್ತೋಕೆ ಬರ್ದೆ ಗಂಟು ಹಾಕವ್ರೆ” ಎಂದರು.

ಅದರ ಹೆಸರು ಬ್ರೆಟ್ಸೆಲ್. ಅಲ್ಲಿಯ ಬೇಕರಿಗಳವರ ಲಾಂಛನವೇ ಅದಂತೆ. ಸ್ಟುಟ್‌ಗಾರ್ಟಿಗೆ ಅನತಿ ದೂರದಲ್ಲಿ ಬಾಡ್ ಉರಾಖ್ ಎಂಬ ಊರಿದೆ. ಹದಿನೈದನೆಯ ಶತಮಾನದಲ್ಲಿ ಅಲ್ಲಿನ ದೊರೆ ತಪ್ಪು ಮಾಡಿದ ಬೇಕರಿಯವನೊಬ್ಬನಿಗೆ ಮರಣದಂಡನೆ ವಿಧಿಸಿ, ‘ಸೂರ್ಯನು ಮೂರು ಸಲ ಇಣುಕಿ ನೋಡುವಂಥ ರೊಟ್ಟಿಯನ್ನು ಮೂರು ದಿನದಲ್ಲಿ ಸುಟ್ಟು ತಂದರೆ ನಿನ್ನ ಜೀವ ಉಳಿಯುತ್ತದೆ’ ಎಂದನೆಂದೂ, ಅವನು ಮೂರು ಕಿಂಡಿಯ ಈ ಗಂಟನ್ನು ಕಂಡುಹಿಡಿದನೆಂದೂ ಕಥೆ. ಬೆಕ್ಕೊಂದು ನೆಗೆದು ಹಸಿ ಹಿಟ್ಟಿನ ಗಂಟುಗಳನ್ನು ಕ್ಷಾರದ ನೀರಿಗೆ ಬೀಳಿಸಿತಂತೆ. ಬೇರೆ ಮಾಡಲು ಹೊತ್ತಿಲ್ಲದೆ ಹಾಗೆಯೇ ಒಲೆಗೆ ಹಾಕಿದ್ದರಿಂದ ಆ ಹೊಳೆಯುವ ಕಂದು ಬಣ್ಣ ಬಂದಿತಂತೆ. ಕಥೆ ನಿಜವೋ ಸುಳ್ಳೋ, ಪ್ರಾಣದ ಮೇಲೆ ಬಂದಾಗ ಮನುಷ್ಯನಿಗೆ ಹೊಸ ತಿಂಡಿ ಹೊಳೆಯುತ್ತದೆಂಬುದನ್ನು ನಂಬಲು ನನಗೇನೂ ಕಷ್ಟವಾಗಲಿಲ್ಲ. ನಮ್ಮ ಹುಡುಗನಿಗೂ ಅಂಥದೇ ಒಂದು ಹೊಳೆದಿತ್ತು. ಕೊಬ್ಬರಿ ಹಾಕಿದ ಬ್ರೆಟ್ಸೆಲ್. ಕೋಡುಬಳೆಯ ಖಾರ, ಜರ್ಮನಿಯ ಗಂಟು. ಮಾರುವುದು ಬಾರುಗಳಿಗೆ.

“ಚಿಕ್ಕಪ್ಪ, ಅಲ್ಲಿ ಬಿಯರ್ ಜೊತೆ ಇದನ್ನೇ ಇಡೋದು. ನಮ್ಮಲ್ಲಿ ಸೈಡ್ಸ್ ಅಂದ್ರೆ ಬರೀ ಕಡಲೆಕಾಯಿ, ಸೌತೆಕಾಯಿ. ಜಾಗ ಖಾಲಿ ಇದೆ” ಎಂದ.

ನಾನು ಅತ್ತಿಗೆಯ ಮುಖ ನೋಡಿದೆ. ಅವರು ಆಗ ಅಡಿಗೆಮನೆಯಲ್ಲಿದ್ದರು, ಕೇಳಿಸಿರಲಿಲ್ಲ. “ಅಮ್ಮನಿಗೆ ಬೇಕರಿಗೆ ಅಂತ ಹೇಳಿದೀನಿ” ಎಂದ ಹುಡುಗ, ಮೆಲ್ಲಗೆ. ನಾನು ಏನೂ ಹೇಳಲಿಲ್ಲ. ಈ ವಿಷಯದಲ್ಲಿ ನನ್ನ ಪಾಲು ಅಲ್ಲಿಂದಲೇ ಶುರುವಾಯಿತು.

ಪ್ರಯೋಗ ನಾಲ್ಕು ತಿಂಗಳು ನಡೆಯಿತು. ಮೊದಲನೆಯ ತೊಡಕು ಗಂಟಿನದೇ. ಕೋಡುಬಳೆಯ ಅಕ್ಕಿಹಿಟ್ಟು ಬಳೆಯಾಗುವಷ್ಟು ಮಾತ್ರ ಬಾಗುತ್ತದೆ. ಗಂಟು ಹಾಕಹೋದರೆ ತುಂಡಾಗುತ್ತದೆ. ಜಗ್ಗಿದರೆ ಜಗ್ಗುವ ಅಂಟು ಇರುವುದು ಗೋಧಿಯಲ್ಲಿ. ಸರಿ, ಮೈದಾ ಸೇರಿತು. ಎರಡನೆಯ ತೊಡಕು ಕೊಬ್ಬರಿಯದು. ಕೊಬ್ಬರಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಎಣ್ಣೆ. (ಮೊದಲನೆಯ ಅರ್ಥದ್ದು.) ಸ್ವಲ್ಪ ಹೆಚ್ಚಾದರೆ ಹಿಟ್ಟಿನ ಅಂಟು ಮುರಿದು ತಿನಿಸು ಬಾಯಲ್ಲಿ ಮರಳಿನಂತೆ ಉದುರುತ್ತದೆ, ಕಡಿಮೆಯಾದರೆ ಇದು ತಿಪಟೂರಿನದೆಂದು ಯಾರಿಗೂ ತಿಳಿಯುವುದಿಲ್ಲ. ಅದೂ ಅಲ್ಲದೆ ಇಪ್ಪತ್ತು ದಿನಕ್ಕೆ ಕೌಟು ವಾಸನೆ. ನಮ್ಮೂರ ಸುತ್ತ ಕಾಯಿತುರಿಯನ್ನು ಒಣಗಿಸಿ ಪುಡಿಮಾಡುವ ಕಾರ್ಖಾನೆಗಳಿವೆ. ಎಣ್ಣೆಯನ್ನು ಕೊಂಚ ಹಿಂಡಿ ತೆಗೆದ ಪುಡಿಯನ್ನು ತಂದು, ಹದವಾಗಿ ಹುರಿದು ಹಾಕಿದ ಮೇಲೆ ಒಂದು ದಾರಿ ಕಂಡಿತು.

ಮೂರನೆಯದು ಕ್ಷಾರ. ಜರ್ಮನಿಯವರು ಕಾಸ್ಟಿಕ್ ಸೋಡವನ್ನು ನೂರಕ್ಕೆ ಮೂರು ನಾಲ್ಕರಷ್ಟು ನೀರಿಗೆ ಬೆರೆಸಿ ಅದರಲ್ಲಿ ಅದ್ದುತ್ತಾರೆ. “ಚರಂಡಿ ತೊಳೆಯೋದನ್ನ ಹೊಟ್ಟೆಗೆ ಹಾಕ್ತೀರಾ?” ಎಂದು ಅತ್ತಿಗೆ ಆ ಡಬ್ಬಿಯನ್ನು ಹಿತ್ತಿಲಿಗೆ ಎಸೆದರು. ಹುಡುಗ ಹಟಮಾರಿ, ತೆಂಗಿನ ಮಟ್ಟೆಯ ಬೂದಿಯಲ್ಲೂ ಕ್ಷಾರವಿದೆಯೆಂದು ಓದಿ, ಬೂದಿಯನ್ನು ನೆನೆಹಾಕಿ ಸೋಸಿ ತಿಳಿನೀರು ತೆಗೆದ. ಬಣ್ಣವೇನೋ ಬಂತು. ರುಚಿ, ನನ್ನ ತಾಯಿಯ ಮಾತಿನಲ್ಲಿ, ಪಾತ್ರೆ ಬೆಳಗಿದ ಕೈಯನ್ನು ನೆಕ್ಕಿದಂತೆ. ಕಡೆಗೆ ಅಡಿಗೆ ಸೋಡವನ್ನೇ ಬಾಣಲೆಯಲ್ಲಿ ಬಹಳ ಹೊತ್ತು ಕಾಯಿಸಿದರೆ ಅದರ ಕ್ಷಾರ ಬಲಗೊಳ್ಳುತ್ತದೆಂದು ತಿಳಿಯಿತು. ಅದರ ನೀರಿನಲ್ಲಿ ಅರೆ ನಿಮಿಷ ಅದ್ದಿ, ಊರ ಬೇಕರಿಯ ಒಲೆಯಲ್ಲಿ ಸುಟ್ಟದ್ದು ಕಂದಾಗಿ, ಗರಿಯಾಗಿ, ಓಮ ಬ್ಯಾಡಗಿ ಮೆಣಸಿನಕಾಯಿಯ ಘಮದಲ್ಲಿ ಹೊರಬಂದಾಗ ನಮ್ಮ ತಾಯಿ ಮೂರು ತಿಂದು, “ಪರವಾಗಿಲ್ಲ” ಎಂದರು. ಅವರ ಬಾಯಿಂದ ಇದಕ್ಕಿಂತ ದೊಡ್ಡ ಹೊಗಳಿಕೆಯನ್ನು ನಾನು ನನ್ನ ಎಂ.ಎ. ಫಲಿತಾಂಶಕ್ಕೂ ಕೇಳಿಲ್ಲ.

ಹೆಸರಿಡುವುದು ನನ್ನ ಪಾಲಿಗೆ ಬಂತು. ಕನ್ನಡ ಮೇಷ್ಟರಿಗೆ ಬೇರೆ ಏನು ಕೆಲಸ ಕೊಡುತ್ತಾರೆ? ತಿಂಡಿಯ ಅರ್ಧ ವ್ಯಾಪಾರ ಹೆಸರಿನಲ್ಲಿದೆ. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಖಾರದ ಕಡಲೆಬೀಜ, 1969ರಲ್ಲಿ ಕಾಂಗ್ರೆಸ್ ಎರಡು ಹೋಳಾದಾಗ ‘ಕಾಂಗ್ರೆಸ್ ಕಡಲೆಕಾಯಿ’ ಆಯಿತೆಂದು ಹೇಳುವುದುಂಟು. ಪಕ್ಷಗಳು ಆಮೇಲೆ ಎಷ್ಟು ಸಲ ಒಡೆದರೂ ಕಡಲೆಕಾಯಿಯ ಹೆಸರು ಮಾತ್ರ ಉಳಿದುಕೊಂಡಿದೆ. ಬ್ರೆಟ್ಸೆಲ್ ಎಂಬುದರ ಜಾತಕ ತೆಗೆದೆ. ತೋಳು ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದದ್ದು, ಎದೆಯ ಮೇಲೆ ಕಟ್ಟಿದ ಕೈಗಳ ಹಾಗೆ ಕಾಣುವುದರಿಂದ. ನಮ್ಮದೋ ಬಳೆ, ತೊಡುವುದು ಕೈಗೇ! ಎರಡು ದೇಶದ ಅಡಿಗೆಯವರೂ ಹಿಟ್ಟು ಹೊಸೆಯುತ್ತ ಕೈಯನ್ನೇ ನೆನೆದರಲ್ಲ ಎಂದು ನನಗಾದ ಸಂತೋಷವನ್ನು ಹುಡುಗನಿಗೆ ವಿವರಿಸಿದೆ. ಅವನು ಗಡಿಯಾರ ನೋಡಿದ. ‘ಗಂಟುಬಳೆ’ ಎಂದು ಇಟ್ಟೆವು. ಗಂಟು ಎಂದರೆ ಬಂಡವಾಳವೂ ಹೌದು, ಅದು ಕರಗುವುದೂ ಉಂಟು ಎಂದು ಆಗಲೇ ಎಚ್ಚರಿಸಬಹುದಾಗಿತ್ತು.

2020ರಲ್ಲಿ ಆರಂಭವಾದ ಕಿರು ಆಹಾರ ಉದ್ಯಮಗಳ ಯೋಜನೆಯಲ್ಲಿ ನಮ್ಮ ಜಿಲ್ಲೆಗೆ ತೆಂಗಿನ ಉತ್ಪನ್ನಗಳನ್ನೇ ಗೊತ್ತುಮಾಡಿದ್ದಾರೆ. ಅರ್ಜಿಯನ್ನು ನಾನೇ ಬರೆದುಕೊಟ್ಟೆ. ‘ಸಾಂಪ್ರದಾಯಿಕ ಕುರುಕು ತಿಂಡಿ’ ಎಂದು ಬರೆದೆ. ಬಾರಿನ ಮಾತು ಎತ್ತಲಿಲ್ಲ.

ಆದರೆ ಬಾರಿಗೆ ಹೋಗಲೇಬೇಕಾಯಿತು. ಕೆ.ಬಿ. ಕ್ರಾಸ್ ಕಡೆಯ ಹೆದ್ದಾರಿಯಲ್ಲಿ ಒಂದು ಬಾರು. ಅದನ್ನು ನಡೆಸುವವನು ನನ್ನ ಹಳೆಯ ವಿದ್ಯಾರ್ಥಿ. ಮಟಮಟ ಮಧ್ಯಾಹ್ನ ಒಳಹೊಕ್ಕೆವು. ನನ್ನನ್ನು ಕಂಡು ಅವನು ಎದ್ದು ನಿಂತ. ಅವನ ಹಿಂದೆ ಮೂಲೆಯ ಮೇಜಿನವನೊಬ್ಬನೂ ಏಕೋ ಎದ್ದು ನಿಂತ, ಅವನೂ ನನ್ನ ವಿದ್ಯಾರ್ಥಿಯೇ ಇರಬೇಕು. ಅಡಿಗೆಕೋಣೆಯೊಳಗೆ ಕರೆದೊಯ್ದು ಸ್ಟೂಲು ಹಾಕಿ ಕೂರಿಸಿದರು. ಹಳಗನ್ನಡ ವ್ಯಾಕರಣದಲ್ಲಿ ಎರಡು ಸಲ ನಪಾಸಾಗಿದ್ದ ಆ ಹುಡುಗ ಅರ್ಧ ಗಂಟೆ ನನಗೆ ಪಾಠ ಹೇಳಿದ.

“ಸಾರ್, ಪುಕ್ಕಟೆ ಕೊಡೋ ಕಡಲೆಕಾಯಿಗೆ ಉಪ್ಪು ಯಾಕೆ ಜಾಸ್ತಿ? ಬಾಯಿ ಒಣಗ್ಬೇಕು, ಇನ್ನೊಂದು ಹೇಳ್ಬೇಕು. ಹೊಟ್ಟೆ ತುಂಬೋ ಸೈಡ್ಸ್ ಇಟ್ರೆ ನಾವು ಮನೆಗೆ ಹೋಗ್ಬೇಕು. ನಿಮ್ದು ಚೆನ್ನಾಗಿದೆ, ಆದ್ರೆ ಉಪ್ಪು ಇನ್ನಷ್ಟು ಮುಂದಿರ್ಲಿ. ಎಣ್ಣೆ ಕೈಗೆ ಅಂಟ್ಬಾರ್ದು. ಗ್ಲಾಸಿನ ನೊರೆ ಇಳಿದುಹೋಗುತ್ತೆ.” ಜಿಡ್ಡು ತಾಗಿದರೆ ಬಿಯರಿನ ನೊರೆ ಸಾಯುತ್ತದೆಂಬುದು ಜರ್ಮನಿಯಲ್ಲಿ ಇದ್ದುಬಂದ ನಮ್ಮ ಹುಡುಗನಿಗೂ ಹೊಸ ವಿಷಯ. ಆ ದೇಶದವರ ತಿನಿಸು ಏಕೆ ಅಷ್ಟು ಒಣಕಲೆಂದು ಅಂದು ಗೊತ್ತಾಯಿತು. ವಾರಕ್ಕೆ ಐದು ಡಬ್ಬ ತೆಗೆದುಕೊಳ್ಳುವುದಾಗಿ ಮಾತಾಯಿತು. ಆರು ತಿಂಗಳಲ್ಲಿ ತಿಪಟೂರು, ತುರುವೇಕೆರೆ, ಹುಳಿಯಾರು ಸೇರಿ ಹನ್ನೊಂದು ಬಾರುಗಳಾದವು. ಮನೆಯ ಪಡಸಾಲೆಯಲ್ಲಿ ಊರಿನ ನಾಲ್ವರು ಹೆಂಗಸರು ಅತ್ತಿಗೆಯ ಜೊತೆ ಕುಳಿತು ಗಂಟು ಹಾಕುತ್ತಿದ್ದರು.

ಅಣ್ಣನ ವಿಷಯಕ್ಕೆ ಬರುತ್ತೇನೆಂದೆನಲ್ಲ. ಅವನು ತೀರಿಕೊಂಡದ್ದು 2012ರಲ್ಲಿ, ನಲವತ್ತೊಂದನೆಯ ವಯಸ್ಸಿನಲ್ಲಿ. ಈಲಿ ಕೆಟ್ಟಿತ್ತು. ನುಸಿ ಬಿದ್ದ ಕಾಯಿ, ಇಳಿದ ಧಾರಣೆ, ಕೆಟ್ಟ ಬೋರ್‌ವೆಲ್—ಕಾರಣಗಳನ್ನು ನಾವು ಬೇಕಾದಷ್ಟು ಕೊಡಬಲ್ಲೆವು. ಕೊಬ್ಬರಿ ಮಾರಿದ ಹಣದೊಡನೆ ಹೊರಟವನು ಮನೆಗೆ ಬರುವಾಗ ರಾತ್ರಿ ಹನ್ನೊಂದು. ಅತ್ತಿಗೆ ತಟ್ಟೆ ಮುಚ್ಚಿಟ್ಟು ಕಾಯುತ್ತಿದ್ದರು. ಅವನು ಉಣ್ಣದೆ ಮಲಗುತ್ತಿದ್ದ. ಅವನು ಕೂರುತ್ತಿದ್ದುದು ಅದೇ ಹೆದ್ದಾರಿಯ ಅದೇ ಬಾರಿನಲ್ಲಿ. ಆಗ ಅದನ್ನು ಬೇರೆಯವರು ನಡೆಸುತ್ತಿದ್ದರು. ಇಷ್ಟು ತಿಳಿದಿದ್ದೂ ನಾನು ಆ ಅಡಿಗೆಕೋಣೆಯ ಸ್ಟೂಲಿನ ಮೇಲೆ ಕುಳಿತು ಉಪ್ಪಿನ ಲೆಕ್ಕ ಹಾಕಿ ಬಂದಿದ್ದೆ.

ಸುಳ್ಳು ಹೊರಬಿದ್ದದ್ದು ಒಂದು ಡಬ್ಬದಿಂದ. ವಾಪಸು ಬಂದ ಖಾಲಿ ಡಬ್ಬವೊಂದರಲ್ಲಿ ಬಾರಿನ ಬಿಲ್ಲು ಉಳಿದುಹೋಗಿತ್ತು. ಅತ್ತಿಗೆ ಏಳನೆಯ ತರಗತಿ ಓದಿದವರು, ಹೆಸರು ಓದಿಕೊಂಡರು. ಭಾನುವಾರ ನಾನು ಹೋದಾಗ ಬಿಲ್ಲು ನನ್ನ ಮುಂದಿಟ್ಟರು. ಹುಡುಗ ಎದ್ದು ತೋಟಕ್ಕೆ ಹೋದ. ನಾನು ಧಾರಣೆ, ಸಾಲ, ಬೇಕರಿಯವರ ಬಾಕಿ ಎಂದೆಲ್ಲ ಏನೇನೋ ಹೇಳಿದೆ. ಅವರು ಹಿಟ್ಟು ಹೊಸೆಯುವುದನ್ನು ನಿಲ್ಲಿಸಲಿಲ್ಲ.

“ನಿಮ್ಮಣ್ಣ ಬರೀ ಹೊಟ್ಟೇಲಿ ಕುಡೀತಿದ್ರು” ಎಂದರು, ಬಹಳ ಹೊತ್ತಿನ ಮೇಲೆ. “ಅಲ್ಲಿ ಏನೂ ತಿನ್ನೋಕೆ ಕೊಡ್ತಿರ್ಲಿಲ್ಲ್ವಾ?”

ನಾನು ತಿಳಿಯದೆಂದೆ.

“ಖಾರ ಜಾಸ್ತಿ ಆಯ್ತು ಇದಕ್ಕೆ. ಬರೀ ಹೊಟ್ಟೆಗೆ ಉರಿಯುತ್ತೆ” ಎಂದು, ಮುಂದಿನ ಹಿಟ್ಟಿಗೆ ಅಳೆದಿಟ್ಟಿದ್ದ ಮೆಣಸಿನ ಪುಡಿಯಲ್ಲಿ ಅರ್ಧವನ್ನು ತೆಗೆದು ಡಬ್ಬಿಗೆ ಹಾಕಿದರು. ಉಪ್ಪನ್ನೂ ಕಡಿಮೆ ಮಾಡಿದರು. ಗಾತ್ರವನ್ನು ಹೆಬ್ಬೆಟ್ಟಿನಿಂದ ಅಂಗೈಗೆ ಏರಿಸಿದರು. ಹುಡುಗ ವಾದಿಸಿ ನೋಡಿದ. ಮಾರುಕಟ್ಟೆಯ ನಿಯಮಗಳನ್ನು ಹೇಳಿದ. ಅವರು ಆ ನಿಯಮಗಳನ್ನು ಸಾವಧಾನವಾಗಿ ಕೇಳಿ, ಅಂಗೈಯಗಲದ ಗಂಟುಗಳನ್ನೇ ಹಾಕುತ್ತ ಹೋದರು. ಬಾರಿನವರು ಗೊಣಗಿದರು. ಹನ್ನೊಂದರಲ್ಲಿ ಏಳು ಬಾರುಗಳು ಕಡಲೆಕಾಯಿಗೆ ಮರಳಿದವು. ಆಶ್ಚರ್ಯವೆಂದರೆ ಊರ ಬೇಕರಿಗಳು ಕೇಳತೊಡಗಿದವು. ಹುಡುಗ ತಾಯಿಗೆ ಹೇಳಿದ್ದ ಸುಳ್ಳು ಹೀಗೆ ತಡವಾಗಿ ನಿಜವಾಯಿತು.

ಅಷ್ಟರಲ್ಲಿ 2025 ಬಂತು. ಕೊಬ್ಬರಿ ಇಪ್ಪತ್ತು ಸಾವಿರ ದಾಟಿ ಮೇಲೇರಿತು. ಅಟ್ಟದಲ್ಲಿದ್ದುದನ್ನು ಮಾರಿ ಸಾಲದ ದೊಡ್ಡ ಭಾಗವನ್ನು ತೀರಿಸಿದೆವು. ಅದೇ ಧಾರಣೆಯಲ್ಲಿ ಕೊಬ್ಬರಿ ಪುಡಿ ಕೊಂಡು ಇಪ್ಪತ್ತು ರೂಪಾಯಿಯ ಪೊಟ್ಟಣ ಮಾಡುವುದು ಯಾರಿಂದಲೂ ಆಗುವ ಮಾತಲ್ಲ. ಬೆಲೆ ಬಿದ್ದಾಗ ಹುಟ್ಟಿದ ತಿಂಡಿ ಬೆಲೆ ಏರಿದಾಗ ಉಸಿರುಕಟ್ಟಿತು. ಹುಡುಗ ಈಗ ತುಮಕೂರಿನ ಕಾರ್ಖಾನೆಯೊಂದಕ್ಕೆ ಹೋಗಿಬರುತ್ತಾನೆ. ಯಂತ್ರ ಕೊಂಡ ಕಂತು ಇನ್ನೂ ಇದೆ.

ಬಾರುಗಳ ಪೈಕಿ ಒಂದಕ್ಕೆ ಮಾತ್ರ ಅತ್ತಿಗೆ ಇವತ್ತಿಗೂ ಶನಿವಾರ ಎರಡು ಡಬ್ಬ ಕಳಿಸುತ್ತಾರೆ. ಲಾಭವಿಲ್ಲ, ಕೇಳಿದರೆ, “ಅಷ್ಟಕ್ಕೆ ಕೊಬ್ಬರಿ ಮನೇಲೇ ಇರುತ್ತೆ” ಎನ್ನುತ್ತಾರೆ. ಕಾಲೇಜಿನಿಂದ ಬರುವಾಗ ನಾನೇ ಸ್ಕೂಟರಿನಲ್ಲಿ ಕೊಟ್ಟು, ಹಿಂದಿನ ವಾರದ ಖಾಲಿ ಡಬ್ಬಗಳನ್ನು ತರುತ್ತೇನೆ. ಅವನ್ನು ಅವರು ಒಳಗೆ ಒಯ್ಯುವುದಿಲ್ಲ. ಹಿತ್ತಿಲ ಕಲ್ಲಿನ ಮೇಲೆ ಎರಡು ಸಲ ತಿಕ್ಕಿ ತೊಳೆದು ಬಿಸಿಲಿಗೆ ಬೋರಲು ಹಾಕುತ್ತಾರೆ. ಹಾಕುವ ಮುಂಚೆ, ತಳದಲ್ಲಿ ಏನಾದರೂ ಉಳಿದಿದೆಯೇ ಎಂದು ಒಮ್ಮೆ ಒಳಗೆ ಇಣುಕಿ ನೋಡುತ್ತಾರೆ.