ದೇವರ ಏಣಿಯ ಕೆಳಗಿನ ದ್ರಾಕ್ಷಿ ನಾಡು

ಸ್ಪೇನ್ ದೇಶದ ದ್ರಾಕ್ಷಿ ಸೀಮೆಯೊಂದರ ಕುರಿತು ಬರೆಯಲು ಕುಳಿತಿದ್ದೇವೆ. ಅಲ್ಲಿ ಬೆಳೆವ ದ್ರಾಕ್ಷಿ ಬಹುಪಾಲು ಪಾನಕ್ಕಾಗಿಯೇ ಬೆಳೆವಂಥದು. ಈ ಕಾರಣಕ್ಕೆ ನಮ್ಮ ಓದುಗ ಬಂಧುಗಳಲ್ಲಿ ಕೆಲವರು ಮೂಗು ಮುರಿಯಬಹುದು. ನಾವು ಅದನ್ನು ಮುಟ್ಟಿದವರಲ್ಲ, ಮುಟ್ಟಿರೆಂದು ಹೇಳುವವರೂ ಅಲ್ಲ. ಆದರೆ ಆ ಸೀಮೆಗೆ ಹೆಸರು ಬಂದದ್ದು ಒಂದು ಮಠದಿಂದ. ಮಠದ ಪ್ರಸಾದ ಉಂಡು ಅಕ್ಷರ ಕಲಿತ ನಮ್ಮಂಥವರಿಗೆ ಆ ಮಠದ ಕಥೆಯನ್ನು ಹೇಳದೆ ಬಿಡುವುದು ಸರಿಯೆನಿಸಲಿಲ್ಲ.

2023ರ ಸೆಪ್ಟೆಂಬರಿನಲ್ಲಿ ನಾವು ಬಾರ್ಸಿಲೋನಾ ನಗರದಲ್ಲಿದ್ದೆವು. ದಿವಂಗತ ಮಿತ್ರರೊಬ್ಬರ ಮಗಳು ಅಲ್ಲಿ ಎಂಜಿನಿಯರು. "ಕಾಕಾರ, ಚರ್ಚು ನೋಡಿ ನೋಡಿ ನಿಮಗ ಬ್ಯಾಸರ ಆಗೇದ. ಒಂದು ಹಾಳು ಮಠ ತೋರಸ್ತೀನಿ, ಬರ್ರಿ" ಎಂದು ಕರೆದಳು. ಹೊರಟೆವು. ಕಡಲ ದಂಡೆಯುದ್ದಕ್ಕೂ ಓಡಿದ ರೈಲು ರೇಉಸ್ ಪಟ್ಟಣ ದಾಟಿ ಒಳನಾಡಿಗೆ ಹೊರಳಿತು. ಫಲ್ಸೆತ್ ಎಂಬ ಊರಿನ ನಿಲ್ದಾಣದಲ್ಲಿಳಿದು ಮುಂದಕ್ಕೆ ಬಾಡಿಗೆ ಕಾರಿನಲ್ಲಿ ಸಾಗಿದೆವು. ಕ್ಯಾಟಲೋನಿಯಾ ಪ್ರಾಂತದ ತರಗೋನಾ ಜಿಲ್ಲೆಗೆ ಸೇರಿದ ಈ ಸೀಮೆಯ ಹೆಸರು ಪ್ರಿಯೊರಾತ್. ದಾರಿಯುದ್ದಕ್ಕೂ ಒಂದು ಅಂಗೈಯಷ್ಟು ಸಮತಟ್ಟು ನೆಲ ನಮ್ಮ ಕಣ್ಣಿಗೆ ಬೀಳಲಿಲ್ಲ. ಎಲ್ಲ ಏರು, ಎಲ್ಲ ಇಳಿಜಾರು. ಬೆಟ್ಟದ ಮೈಗೆ ಅಂಟಿಕೊಂಡ ಪುಟ್ಟ ಪುಟ್ಟ ಊರುಗಳು.

ಉತ್ತರಕ್ಕೆ ಕೋಟೆಗೋಡೆಯಂತೆ ನಿಂತಿರುವುದು ಮೊನ್‌ಸಂತ್ ಪರ್ವತ. ಹೆಸರಿನ ಅರ್ಥವೇ ಪವಿತ್ರ ಗಿರಿ. ಅದರ ಬುಡದಲ್ಲಿದೆ ನಾವು ಹೇಳಹೊರಟ ಮಠ: ಸ್ಕಾಲಾ ದೇಯಿ, ಎಂದರೆ ದೇವರ ಏಣಿ. ಒಬ್ಬ ಕುರಿ ಕಾಯುವವನು ಇಲ್ಲಿನ ಪೈನ್ ಮರವೊಂದಕ್ಕೆ ಏಣಿ ಒರಗಿದ್ದನ್ನೂ ದೇವದೂತರು ಅದನ್ನೇರಿ ಮುಗಿಲಿಗೆ ಹೋಗುತ್ತಿದ್ದುದನ್ನೂ ಕಂಡನೆಂದು ಐತಿಹ್ಯ. ಚರಿತ್ರೆ ಹೇಳುವುದು ಬೇರೆ. ಅರಬರಿಂದ ಈ ಸೀಮೆಯನ್ನು ಗೆದ್ದುಕೊಂಡ ಮೇಲೆ, ಇಲ್ಲಿ ಜನವಸತಿಯನ್ನು ನೆಲೆಗೊಳಿಸಲು ಆರಗಾನಿನ ದೊರೆ ಎರಡನೆಯ ಆಲ್ಫೊನ್ಸೊ ಫ್ರಾನ್ಸಿನ ಕಡೆಯಿಂದ ಕಾರ್ತೂಸಿಯನ್ ಪಂಥದ ಯತಿಗಳನ್ನು ಕರೆಸಿದನು. 1194ರಲ್ಲಿ ಮಠ ನೆಲೆಯೂರಿತು. ಸ್ಪೇನ್ ಪೋರ್ಚುಗಲ್‌ಗಳನ್ನೊಳಗೊಂಡ ಐಬೀರಿಯದಲ್ಲಿ ಆ ಪಂಥದ ಮೊದಲ ಮಠ ಇದೇ.

ಕಾರ್ತೂಸಿಯನ್ನರ ಬಗೆಗೆ ಎರಡು ಮಾತು ಹೇಳಲೇಬೇಕು. ಸಂತ ಬ್ರೂನೋ 1084ರಲ್ಲಿ ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳಲ್ಲಿ ಸ್ಥಾಪಿಸಿದ ಪಂಥವಿದು. ಇವರು ಮಾಂಸ ತಿನ್ನುವುದಿಲ್ಲ. ಮೌನ ಇವರ ವ್ರತ. ಪ್ರತಿಯೊಬ್ಬ ಯತಿಗೂ ಪ್ರತ್ಯೇಕವಾದ ಒಂದು ಕುಟೀರ, ಅದರೊಳಗೇ ಪ್ರಾರ್ಥನೆಯ ಕೋಣೆ, ಕೈಕೆಲಸದ ಕೋಣೆ, ನಾಲ್ಕು ಗಿಡ ಬೆಳೆಯುವಷ್ಟು ಹಿತ್ತಲು. ಊಟವನ್ನು ಗೋಡೆಯ ಸಣ್ಣ ಕಿಂಡಿಯಲ್ಲಿ ಇಟ್ಟು ಹೋಗುತ್ತಿದ್ದರು. ಇಟ್ಟವನ ಮುಖ ಉಂಡವನಿಗೆ ಕಾಣುತ್ತಿರಲಿಲ್ಲ. ಇಂದು ಅಲ್ಲಿ ಒಂದು ಕುಟೀರವನ್ನು ಮಾತ್ರ ಹಿಂದಿನಂತೆ ಕಟ್ಟಿ ನಿಲ್ಲಿಸಿದ್ದಾರೆ. ನಾವು ಆ ಕಿಂಡಿಯ ಮುಂದೆ ಬಹಳ ಹೊತ್ತು ನಿಂತೆವು. ನಮ್ಮ ಬಾಲ್ಯದ ಪ್ರಸಾದ ನಿಲಯದಲ್ಲಿ ಇನ್ನೂರು ಹುಡುಗರು ಸಾಲಾಗಿ ಕುಳಿತು ಗದ್ದಲದಲ್ಲಿ ಉಂಡದ್ದು ನೆನಪಾಗಿ ನಗುವೂ ಬಂದಿತು.

ಯತಿಗಳು ತಮ್ಮ ತವರಿನಿಂದ ಬಳ್ಳಿ ಬೆಳೆಸುವ ಬಿನ್ನಾಣವನ್ನು ತಂದರು. ಪೂಜೆಗೆ ಅವರಿಗೆ ದ್ರಾಕ್ಷಾರಸ ಬೇಕು. ಕ್ರೈಸ್ತರ ಪೂಜಾವಿಧಿಯಲ್ಲಿ ಅದಕ್ಕೆ ಸ್ಥಾನವಿದೆ. ಕ್ರಮೇಣ ಪೊಬೊಲೇದಾ, ತೊರ್ರೋಜಾ, ಗ್ರತಲ್ಯೋಪ್ಸ್ ಮೊದಲಾದ ಏಳು ಊರುಗಳು ಮಠದ ಒಡೆತನಕ್ಕೆ ಬಂದವು. ಮಠದ ಮುಖ್ಯಸ್ಥನಿಗೆ 'ಪ್ರಿಯೊರ್' ಎಂದು ಹೆಸರು. ಆತನ ಆಳ್ವಿಕೆಗೆ ಒಳಪಟ್ಟ ನೆಲವೇ ಪ್ರಿಯೊರಾತ್. ಆತ ಗುರುವೂ ಹೌದು, ಒಡೆಯನೂ ಹೌದು. ಬೆಳೆಯಲ್ಲಿ ಮಠಕ್ಕೆ ಪಾಲು ಸಲ್ಲಬೇಕು. ಹೀಗೆ ಆರು ಶತಮಾನ ನಡೆಯಿತು.

ಈಗ ಉಳಿದಿರುವುದು ಹಾಳು. ಮುಂಬಾಗಿಲು ಭವ್ಯವಾಗಿದೆ, ಒಳಗೆ ಹೋದರೆ ಮಾಡಿಲ್ಲದ ದೇಗುಲ, ಕಂಬಗಳ ತುಂಡು, ಅಂಗಳಗಳಲ್ಲಿ ಹುಲ್ಲು. 1835ರಲ್ಲಿ ಸ್ಪೇನಿನ ಮಂತ್ರಿ ಮೆಂದಿಸಾಬಲ್ ಮಠಮಾನ್ಯಗಳ ಆಸ್ತಿಯನ್ನು ಸರಕಾರಕ್ಕೆ ಸೇರಿಸಿಕೊಳ್ಳುವ ಕ್ರಮ ಕೈಗೊಂಡನು. ಅದೇ ಬೇಸಿಗೆಯಲ್ಲಿ ರೇಉಸ್ ಪಟ್ಟಣದ ಮಠಗಳಿಗೆ ಬೆಂಕಿ ಬಿದ್ದಿತ್ತು. ಯತಿಗಳು ಸ್ಕಾಲಾ ದೇಯಿಯನ್ನು ಬಿಟ್ಟುಹೋದರು. ಬಳಿಕ ಮಠ ಲೂಟಿಯಾಯಿತು, ಸುಟ್ಟಿತು. ಬಾಗಿಲು, ತೊಲೆ, ಕಲ್ಲು ಒಂದೊಂದಾಗಿ ಸುತ್ತಲಿನ ಊರುಗಳಿಗೆ ಹೋದವು. ಲೂಟಿ ಮಾಡಲು ದೂರದಿಂದ ಯಾರೂ ದಂಡೆತ್ತಿ ಬರಲಿಲ್ಲ. ಬಂದವರು ಆ ಮಠದ ಬಳ್ಳಿಯನ್ನೇ ಸವರಿ ಬದುಕಿದ ಮನೆತನಗಳವರು. ಈ ಸಂಗತಿ ನಮ್ಮ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ಇನ್ನು ನೆಲದ ವಿಚಾರ. ಇಲ್ಲಿಯ ಮಣ್ಣಿಗೆ ಮಣ್ಣೆನ್ನುವುದೇ ಕಷ್ಟ. ಬೊಗಸೆಯಲ್ಲಿ ತೆಗೆದುಕೊಂಡರೆ ಕರಿಯ ಕಲ್ಲಿನ ಚೂರುಗಳೇ. ನಮ್ಮ ಪೀಳಿಗೆಯವರು ಶಾಲೆಯಲ್ಲಿ ಬಳಪ ಹಿಡಿದು ಬರೆಯುತ್ತಿದ್ದ ಪಾಟಿಯ ಕಲ್ಲಿನ ಜಾತಿಯದು. ನಡುನಡುವೆ ಕಾಗೆಬಂಗಾರ ಮಿನುಗುತ್ತದೆ. ಸ್ಥಳೀಯರು ಇದಕ್ಕೆ ಲಿಕೊರೆಲ್ಯಾ ಎನ್ನುತ್ತಾರೆ. ಗೊಬ್ಬರದ ಅಂಶ ಅತ್ಯಲ್ಪ, ನೀರು ಮೇಲೆ ನಿಲ್ಲದು. ಆದರೆ ಕಲ್ಲಿನ ಪದರುಗಳ ಬಿರುಕಿನಲ್ಲಿ ಬೇರು ಆಳಕ್ಕಿಳಿಯುತ್ತದೆ, ಅಲ್ಲಿಯ ತಂಪನ್ನು ಹೀರುತ್ತದೆ. ಹಗಲು ಬಿಸಿಲುಂಡ ಕರಿಗಲ್ಲು ಇರುಳಲ್ಲಿ ಬಳ್ಳಿಗೆ ಕಾವು ಕೊಡುತ್ತದೆ. ಮಳೆ ಸಾಮಾನ್ಯ ವರ್ಷಗಳಲ್ಲಿ 400ರಿಂದ 600 ಮಿಲಿಮೀಟರ್. ನಮ್ಮ ಬಯಲುಸೀಮೆಯವರಿಗೆ ಈ ಅಂಕಿ ಅಪರಿಚಿತವೇನಲ್ಲ. ಆದರೆ ಬೇಸಿಗೆಯ ತಿಂಗಳುಗಳಲ್ಲಿ ಅಲ್ಲಿ ಹನಿ ಬೀಳುವುದೇ ಅಪರೂಪ. ಚಳಿಗಾಲದ ಉತ್ತರದ ಗಾಳಿಯನ್ನು ಮೊನ್‌ಸಂತ್ ಬಹುಮಟ್ಟಿಗೆ ತಡೆಯುತ್ತದೆ. ಬೇಸಿಗೆಯ ಮಧ್ಯಾಹ್ನ ಕಡಲಿನ ಕಡೆಯಿಂದ ತೇವದ ಗಾಳಿ ಏರಿ ಬರುತ್ತದೆ. ಅದರ ಹೆಸರು ಗರ್ಬಿನಾದಾ. ಆ ಗಾಳಿ ಮುಖಕ್ಕೆ ತಾಗಿದಾಗ ರೈತ ಕೆಲಸ ನಿಲ್ಲಿಸಿ ಒಂದು ಗಳಿಗೆ ಸುಮ್ಮನೆ ನಿಲ್ಲುವುದನ್ನು ಕಂಡೆವು.

ಬಳ್ಳಿಗೆ ಚಪ್ಪರವಿಲ್ಲ. ಹಳೆಯ ಪಡಗಳಲ್ಲಿ ತಂತಿಯೂ ಇಲ್ಲ. ಮೊಳಕಾಲೆತ್ತರದ ಗಂಟುಗಂಟಾದ ಗಿಡಗಳು ಇಳಿಜಾರಿನಲ್ಲಿ ಒಂದೊಂದಾಗಿ ನಿಂತಿವೆ. ಟ್ರ್ಯಾಕ್ಟರ್ ನಡೆಯದ ಕಡೆ ಹೇಸರಗತ್ತೆಯಿಂದಲೇ ಉಳುಮೆ. ಗರ್ನಾಚಾ, ಕಾರಿನ್ಯೇನಾ ಎಂಬವು ಇಲ್ಲಿಯ ಮುಖ್ಯ ಕಪ್ಪು ತಳಿಗಳು. ಹೆಕ್ಟೇರಿಗೆ 6000 ಕಿಲೋ ಮೀರಬಾರದೆಂಬುದು ನಿಯಮ. ಎಂದರೆ ಎಕರೆಗೆ ಸುಮಾರು 24 ಕ್ವಿಂಟಲ್! ಎಂಟು ಹತ್ತು ಟನ್ನಿನ ಮಾತಾಡುವ ನಮ್ಮ ವಿಜಯಪುರದ ಕಡೆಯ ರೈತ ಇದನ್ನು ಕೇಳಿದರೆ ನಕ್ಕಾನು. ಮುದಿ ಬಳ್ಳಿಗಳು ಅಷ್ಟನ್ನೂ ಕೊಡುವುದಿಲ್ಲ. ಹಣ್ಣು ಸಣ್ಣದು, ಸಿಪ್ಪೆ ದಪ್ಪ, ರಸ ಸ್ವಲ್ಪ. ಆ ಸ್ವಲ್ಪಕ್ಕೇ ಇಂದು ಬೆಲೆ.

ಇಂದು ಎಂದೆವು, ಏಕೆಂದರೆ ನಡುವೆ ದೊಡ್ಡ ಪ್ರಳಯವೇ ಆಗಿಹೋಗಿದೆ. ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಹೇನಿನಂಥ ಕೀಟ ಯುರೋಪಿನ ದ್ರಾಕ್ಷಿಯ ಬೇರುಗಳನ್ನು ತಿಂದು ಹಾಕಿತು. ಪ್ರಿಯೊರಾತಿಗೆ ಅದು 1893ರ ಸುಮಾರಿಗೆ ಮುಟ್ಟಿತು. ಅದಕ್ಕೆ ಮೊದಲು ಸುಮಾರು 5000 ಹೆಕ್ಟೇರಿದ್ದ ಪಡಗಳು 1979ರ ಹೊತ್ತಿಗೆ ಬರಿಯ 600ಕ್ಕೆ ಇಳಿದಿದ್ದವು. ಪರಿಹಾರ ಗೊತ್ತಾಗಲಿಲ್ಲವೆಂದಲ್ಲ. ಕೀಟವನ್ನು ತಾಳಿಕೊಳ್ಳುವ ಅಮೆರಿಕದ ಕಾಡುದ್ರಾಕ್ಷಿಯ ಬೇರಿಗೆ ಊರಿನ ತಳಿಯನ್ನು ಕಸಿ ಕಟ್ಟುವುದೇ ಆ ಪರಿಹಾರ. ನಮ್ಮ ವಿಜಯಪುರದ ತೋಟಗಳಲ್ಲಿಯೂ ಬರ, ಚೌಳುಗಳಿಗೆ ಹೆದರಿ ಡಾಗ್‌ರಿಡ್ಜ್ ಎಂಬ ಅಮೆರಿಕದ ಬೇರಿನ ಮೇಲೆಯೇ ಕಸಿ ಕಟ್ಟುತ್ತಾರೆ. ಆದರೆ ಈ ಕಡಿದಾದ ಕಲ್ಲಿನಲ್ಲಿ ಮತ್ತೆ ನೆಡುವ ಕಸುವು ಯಾರಿಗಿತ್ತು? ತರುಣರು ರೇಉಸ್, ಬಾರ್ಸಿಲೋನಾಗಳ ಗಿರಣಿಗಳಿಗೆ ಹೋದರು. ಬೆಲ್ಮುಂತ್ ಊರಿನ ಸೀಸದ ಗಣಿ ಕೆಲವರಿಗೆ ಅನ್ನ ಕೊಟ್ಟಿತು. 1972ರಲ್ಲಿ ಅದೂ ಮುಚ್ಚಿತು. ಒಡ್ಡುಗಳು ಕುಸಿದವು, ಪಡಗಳಲ್ಲಿ ಪೈನ್ ಮರ ಬೆಳೆಯಿತು.

ಮರಳಿ ಜೀವ ಬಂದದ್ದು ಹೊರಗಿನಿಂದ ಬಂದ ಕೆಲವು ಹುಚ್ಚರಿಂದ. ಈ ಮಾತನ್ನು ನಾವು ಗೌರವದಿಂದಲೇ ಬಳಸುತ್ತಿದ್ದೇವೆ. ರೆನೆ ಬಾರ್ಬಿಯೇ 1979ರಲ್ಲಿ ಗ್ರತಲ್ಯೋಪ್ಸ್ ಬಳಿ ಭೂಮಿ ಕೊಂಡರು. ಅವರ ಸುತ್ತ ಆಲ್ವಾರೊ ಪಲಾಸಿಯೋಸ್, ಡಾಫ್ನೆ ಗ್ಲೋರಿಯನ್, ಕಾರ್ಲಸ್ ಪಸ್ತ್ರಾನಾ, ಫಲ್ಸೆತಿನಲ್ಲಿ ದ್ರಾಕ್ಷಿ ವಿದ್ಯೆಯ ಶಾಲೆ ಕಟ್ಟಿದ ಜೋಸೆಪ್ ಲ್ಯೂಯಿಸ್ ಪೆರೆಸ್ ಮೊದಲಾದವರು ಸೇರಿದರು. 1989ರ ಸುಗ್ಗಿಯ ಹಣ್ಣನ್ನು ಎಲ್ಲರೂ ಕೂಡಿ ಒಂದೇ ಕಡೆ ಹಿಂಡಿದರು. ಹತ್ತು ವರ್ಷದಲ್ಲಿ ಜಗತ್ತಿನ ಪೇಟೆಗಳಲ್ಲಿ ಪ್ರಿಯೊರಾತಿನ ಹೆಸರು ಕೇಳಿಸಿತು. 2000ದಲ್ಲಿ ಕ್ಯಾಟಲೋನಿಯಾ ಸರಕಾರ ಈ ಸೀಮೆಗೆ ಅತ್ಯುನ್ನತ ಶ್ರೇಣಿಯನ್ನು ಕೊಟ್ಟಿತು. ಮ್ಯಾಡ್ರಿಡ್ ಅದಕ್ಕೆ ಮುದ್ರೆ ಒತ್ತಿದ್ದು 2009ರಲ್ಲಿ. ಸ್ಪೇನಿನಲ್ಲಿ ರಿಯೋಹಾ ಸೀಮೆಯನ್ನು ಬಿಟ್ಟರೆ ಈ ಶ್ರೇಣಿ ದೊರೆತಿರುವುದು ಇದಕ್ಕೆ ಮಾತ್ರ. ಈಗ ಪಡಗಳ ವಿಸ್ತಾರ ಮತ್ತೆ ಎರಡು ಸಾವಿರ ಹೆಕ್ಟೇರಿನ ಆಸುಪಾಸಿನಲ್ಲಿದೆ. ಹಣ ಬಂದ ಮೇಲೆ ಬುಲ್ಡೋಜರೂ ಬಂದಿತು. ಅದು ಕೊರೆದ ಅಗಲವಾದ ಮೆಟ್ಟಿಲುಗಳನ್ನು ನೋಡಿದಾಗ ನಮಗೆ ಬೆಟ್ಟದ ಮೈಮೇಲಿನ ಗಾಯದ ಹಾಗೆ ಕಂಡಿತು. ಅಲ್ಲಿಯವರಲ್ಲಿಯೂ ಈ ಬಗೆಗೆ ಎರಡು ಪಕ್ಷಗಳಿವೆ.

ತೊರ್ರೋಜಾದಲ್ಲಿ ಒಬ್ಬ ಹಿರಿಯ ರೈತರ ಮನೆಗೆ ಹೋದೆವು. ಎಂಬತ್ತು ದಾಟಿದವರು. ಒಂದು ಬಟ್ಟಲು ತಂದಿಟ್ಟರು, ನಾವು ಕೈಮುಗಿದೆವು. ಅವರ ಮನೆಯಾಕೆ ಅದನ್ನು ಸದ್ದಿಲ್ಲದೆ ಒಳಗೊಯ್ದು, ಟೊಮ್ಯಾಟೊ ಉಜ್ಜಿ ಆಲಿವ್ ಎಣ್ಣೆ ಹನಿಸಿದ ರೊಟ್ಟಿಯನ್ನೂ ಹುರಿದ ಹೇಜಲ್ ಬೀಜಗಳನ್ನೂ ತಂದರು. ಅತಿಥಿಯ ನಿಯಮವನ್ನು ಇಷ್ಟು ಹಗುರಾಗಿ ಗೌರವಿಸಿದವರನ್ನು ನಾವು ಎಲ್ಲಿಯೂ ಕಂಡಿರಲಿಲ್ಲ. ಹಿರಿಯರು ನೆಲಮಾಳಿಗೆಯ ಬಾಗಿಲಿನ ಮೇಲ್ಗಲ್ಲನ್ನು ತೋರಿಸಿದರು. ನುಣುಪಾಗಿ ಕೆತ್ತಿದ ಕಲ್ಲು. ಆ ಮನೆಯ ಒರಟು ಗೋಡೆಗೆ ಹೊಂದದು. "ಮಠದ್ದು. ನಮ್ಮ ಹಿರಿಯರು ಹೊತ್ತು ತಂದದ್ದು" ಎಂದರು. ಕದ್ದದ್ದು ಎನ್ನಲಿಲ್ಲ, ಅಭಿಮಾನವನ್ನೂ ತೋರಲಿಲ್ಲ.

ನಾವು ಮಠದಲ್ಲಿ ಓದಿದವರೆಂದು ಹುಡುಗಿ ಅವರಿಗೆ ತಿಳಿಸಿದಳು. ಅವರು ನಮ್ಮನ್ನು ದಿಟ್ಟಿಸಿ ಒಂದು ಪ್ರಶ್ನೆ ಕೇಳಿದರು. ಆಕೆ ಅದನ್ನು ಅನುವಾದಿಸಲು ಹಿಂದೆಮುಂದೆ ನೋಡಿದಳು. "ಕಾಕಾರ, ಮಠ ನಿಮಗ ಉಣಿಸ್ತೋ, ನೀವು ಮಠಕ್ಕ ಉಣಿಸಿದ್ರೋ ಅಂತ ಕೇಳ್ತಾರ."

ನಮ್ಮ ತಂದೆಯವರು ಸುಗ್ಗಿಯಾದ ಮೇಲೆ ಎರಡು ಚೀಲ ಜೋಳವನ್ನು ಚಕ್ಕಡಿಯಲ್ಲಿ ಹೇರಿಕೊಂಡು ಮಠಕ್ಕೆ ಹೋಗುತ್ತಿದ್ದರು. ಬರಗಾಲದ ವರ್ಷವೂ ಹೋದರು. ಚೀಲ ಒಂದೇ ಇತ್ತು. ಸ್ವಾಮಿಗಳು ಅದನ್ನು ಬಂಡಿಯಿಂದ ಇಳಿಸಗೊಡದೆ, ಅದರ ಮೇಲೆ ಇನ್ನೊಂದು ಚೀಲ ಹೇರಿಸಿ ಹಿಂದಕ್ಕೆ ಕಳಿಸಿದರು. ಆ ವರ್ಷ ನಾವು ಒಂಬತ್ತರ ಹುಡುಗರು, ಬಂಡಿಯ ಹಿಂಬದಿಯಲ್ಲಿ ಕುಳಿತಿದ್ದೆವು. ಇದನ್ನೇ ಹೇಳಿದೆವು. ಹಿರಿಯರು ತಲೆಯಾಡಿಸುತ್ತ ಕೇಳಿ, ಬಾಗಿಲಿನ ಮೇಲ್ಗಲ್ಲನ್ನು ಒಮ್ಮೆ ನೋಡಿ, "ನಮ್ಮವರಿಗೆ ಯಾರೂ ಹಿಂದಕ್ಕೆ ಕೊಡಲಿಲ್ಲ" ಎಂದರು. ಅವರ ಮಾತು ಪೂರ್ಣ ಸತ್ಯವೋ ಅಲ್ಲವೋ. ಆರು ನೂರು ವರ್ಷಗಳಲ್ಲಿ ಒಳ್ಳೆಯ ಪ್ರಿಯೊರರೂ ಇದ್ದಿರಲೇಬೇಕು. ಆದರೆ ಜನ ನೆನಪಿಟ್ಟುಕೊಂಡದ್ದು ಇದನ್ನು.

ಸಂಜೆ ತಮ್ಮ ಪಡಕ್ಕೆ ಕರೆದೊಯ್ದರು. ಕೀಟದ ಹಾವಳಿಯ ನಂತರ ಅವರ ಅಜ್ಜ ನೆಟ್ಟ ಕಾರಿನ್ಯೇನಾ. ಅದು ಬರದ ಮೂರನೆಯ ವರ್ಷ. 2021ರಿಂದ ಕ್ಯಾಟಲೋನಿಯಾದಲ್ಲಿ ಮಳೆ ಕೈಕೊಟ್ಟಿತ್ತು. 2019ರ ಜೂನ್ ಕೊನೆಯಲ್ಲಿ ಒಂದೇ ದಿನದ ಬಿಸಿಗಾಳಿಗೆ ಎಳೆಯ ಗೊನೆಗಳು ಸುಟ್ಟುಹೋದದ್ದನ್ನು ಅವರು ಮರೆತಿರಲಿಲ್ಲ. ಈಗ ಗೊನೆಯಲ್ಲ, ಗಿಡವೇ ಒಣಗುತ್ತಿತ್ತು. ಸಾಲಿನ ನಡುವೆ ಸತ್ತ ಗಿಡಗಳಿಗೆ ಬಿಳಿಯ ದಾರ ಕಟ್ಟಿದ್ದರು. ನಾವು ಎಣಿಸತೊಡಗಿ ನಿಲ್ಲಿಸಿದೆವು. ಸಿಯುರಾನಾ ಹೊಳೆಯ ನೀರು ಅಣೆಕಟ್ಟೆಯಿಂದ ತಿರುಗಿ ರೇಉಸಿನ ಕಡೆಯ ಬಯಲಿಗೆ ಹೋಗುತ್ತದೆಂಬುದು ಈ ಬೆಟ್ಟದವರ ಬಹುಕಾಲದ ಅಳಲು. ಬಾರ್ಸಿಲೋನಾದ ನೌಕರಿ ಬಿಟ್ಟು ಬಂದ ಅವರ ಮೊಮ್ಮಗ ಪಕ್ಕದಲ್ಲಿಯೇ ಇದ್ದನು. ಹನಿ ನೀರಾವರಿ ಹಾಕೋಣವೆಂದು ಅವನ ವಾದ. ಹಾಕಲು ನೀರೆಲ್ಲಿದೆ ಎಂದು ಅಜ್ಜನ ಪ್ರಶ್ನೆ. ಇಬ್ಬರೂ ನಮ್ಮೆದುರು ಜೋರಾಗಿಯೇ ಜಗಳಾಡಿದರು. ಭಾಷೆ ತಿಳಿಯದಿದ್ದರೂ ಜಗಳ ನಮಗೆ ಚೆನ್ನಾಗಿ ತಿಳಿಯಿತು.

2025ರ ವಸಂತದಲ್ಲಿ ಮಿತ್ರರ ಮಗಳು ದೂರವಾಣಿಯಲ್ಲಿ ಮಾತನಾಡಿದಳು. ಮಾರ್ಚಿನಲ್ಲಿ ಒಳ್ಳೆಯ ಮಳೆಯಾಗಿದೆಯಂತೆ. ದಾರ ಕಟ್ಟಿದ ಗಿಡಗಳನ್ನು ಕಿತ್ತು ಆ ಕುಳಿಗಳಲ್ಲಿ ಮೊಮ್ಮಗನು ಹೊಸ ಕಸಿಗಳನ್ನು ನೆಟ್ಟಿದ್ದಾನೆ. ಅಜ್ಜ ಕುಳಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕುಳಿತು, ಆಳ ಸಾಲದು, ಇನ್ನೂ ತೋಡು ಎಂದು ಬೈಯುತ್ತಿದ್ದರಂತೆ.