ಮೂರು ಗಾಲಿಯ ಮೇಲೆ ಹೊಯ್ಸಳರ ನಾಡಿಗೆ

ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ರೈಲಿನಲ್ಲಿ ಹೋಗುವವರಿಗೆ ಅರಸೀಕೆರೆಯೆಂದರೆ ಒಂದು ಜಂಕ್ಷನ್. ಹಾಸನ, ಮೈಸೂರುಗಳತ್ತ ಕವಲೊಡೆಯುವ ಹಳಿಗಳನ್ನು ಕಿಟಕಿಯಿಂದ ನೋಡಿ, ಒಂದು ಲೋಟ ಕಾಫಿ ಕುಡಿದರೆ ಅವರ ಪಾಲಿನ ಅರಸೀಕೆರೆ ಮುಗಿಯಿತು. ಊರಿಗೆ ಹೆಸರು ಕೊಟ್ಟ ಅರಸಿಯ ಕೆರೆಯನ್ನೂ, 1220ರಲ್ಲಿ ಕಟ್ಟಿದ ಶಿವಾಲಯದ ನಕ್ಷತ್ರಾಕಾರದ ಮಂಟಪವನ್ನೂ ಕಾಣುವ ಭಾಗ್ಯ ರಸ್ತೆ ಹಿಡಿದು ಬಂದವರದು. ಇಲ್ಲಿಂದ ಬಾಣಾವರ, ಜಾವಗಲ್ಲುಗಳ ಮೇಲೆ ಹಳೇಬೀಡಿಗೆ, ಅಲ್ಲಿಂದ ಹದಿನಾರು ಕಿಲೋಮೀಟರು ನಡೆದರೆ ಬೇಲೂರಿಗೆ ಹೋಗುವ ಹಾದಿಯಂತೂ ತೆರೆದ ವಾಹನದಲ್ಲಿ ಕುಳಿತೇ ಸವಿಯತಕ್ಕದ್ದು. ತೆಂಗಿನ ತೋಟಗಳು, ರಾಗಿಯ ಹೊಲಗಳು, ಕೆರೆಯ ಏರಿಗಳು ಒಂದರ ಹಿಂದೊಂದು ಬರುತ್ತವೆ. ಕಾರಿನಲ್ಲಿ ಗಾಜೇರಿಸಿ ಕುಳಿತವರಿಗೆ ಇದರ ಗಾಳಿ ತಾಗದು.

ಹಾಗಾದರೆ ಮೋಟಾರ್ ಸೈಕಲ್ಲೇ ಸರಿಯಷ್ಟೆ? ಸರಿ, ಆದರೆ ಮಂಡಿಯಲ್ಲಿ ಬಲವಿರುವವರೆಗೆ ಮಾತ್ರ. ಮುನ್ನೂರು ಕಿಲೋ ಮೀರಿದ ದೊಡ್ಡ ಗಾಡಿಯನ್ನು ಊರೂರಿನ ಉಬ್ಬುಗಳ ಬಳಿಯೂ ದನದ ಹಿಂಡಿನ ಮುಂದೆಯೂ ನಿಲ್ಲಿಸಿ, ಒಂದು ಕಾಲನ್ನು ನೆಲಕ್ಕೂರಿ ಹಿಡಿದಿಡುವುದು ಅರವತ್ತು ದಾಟಿದವರಿಗೆ ಸುಲಭವಲ್ಲ. ಹಿಂದೆ ಕುಳಿತ ಹೆಂಡತಿಯ ಬೆನ್ನುನೋವಿನ ಮಾತು ಬೇರೆ. ಇಂಥವರ ಆಸೆಯನ್ನು ಅರಿತೇ ಪಶ್ಚಿಮದ ದೊಡ್ಡ ಕಂಪನಿಗಳು ಮೂರು ಗಾಲಿಯ ವಿಲಾಸೀ ಮೋಟಾರ್ ಸೈಕಲ್ಲುಗಳನ್ನು ತಯಾರಿಸಿದವು. ಕೆನಡಾದ ಕ್ಯಾನ್-ಆಮ್ ಸ್ಪೈಡರ್ 2007ರಲ್ಲಿ ಬಂದಿತು. ಅದಕ್ಕೆ ಮುಂದೆ ಎರಡು ಗಾಲಿ, ಹಿಂದೆ ಒಂದು. ಅಮೆರಿಕದ ಹಾರ್ಲೆ-ಡೇವಿಡ್‌ಸನ್ ಕಂಪನಿಯ ಟ್ರೈ ಗ್ಲೈಡ್‌ನಲ್ಲಿ ಇದು ತಿರುಗುಮುರುಗು: ಒಂಟಿ ಗಾಲಿ ಮುಂದೆ, ಜೋಡಿ ಗಾಲಿ ಹಿಂದೆ.

ಮೂರು ಗಾಲಿಯ ಕಲ್ಪನೆ ನಮ್ಮವರಿಗೆ ಹೊಸದೇನೂ ಅಲ್ಲ. ಅಶ್ವಿನೀ ದೇವತೆಗಳ ರಥಕ್ಕೆ ಮೂರು ಚಕ್ರ, ಮೂರು ಪೀಠಗಳೆಂದು ಋಗ್ವೇದವೇ ಹೇಳುತ್ತದೆ. ಅವರಾದರೋ ಆಕಾಶದಲ್ಲಿ ಸಂಚರಿಸುವವರು. ಬಾಣಾವರದ ರಸ್ತೆಯ ಗುಂಡಿಗಳ ಚಿಂತೆ ಅವರಿಗಿರಲಿಲ್ಲ.

ಈ ವಾಹನಗಳ ಸುಖ ಮಾತ್ರ ನಿಜವಾದ ಸುಖವೇ. ಆಸನ ಸೋಫಾದಂತೆ ಅಗಲ. ಹಿಂದೆ ಕುಳಿತವರಿಗೆ ಒರಗುದಿಂಬು. ಇಬ್ಬರ ನಾಲ್ಕು ದಿನದ ಬಟ್ಟೆಬರೆ ಹಿಡಿಯುವ ಪೆಟ್ಟಿಗೆಗಳು, ಸಂಗೀತದ ಏರ್ಪಾಡು, ಹಿಂದಕ್ಕೆ ಸರಿಯಲು ರಿವರ್ಸ್ ಗೇರು ಕೂಡ ಉಂಟು. ಕೆಲವಕ್ಕೆ ಆಸನವನ್ನು ಬೆಚ್ಚಗಾಗಿಸುವ ಸಾಧನವೂ ಇದೆ. ಏಪ್ರಿಲಿನ ಅರಸೀಕೆರೆಯಲ್ಲಿ ಅದರ ಗುಂಡಿಯನ್ನು ಒತ್ತುವವರು ಯಾರೋ ತಿಳಿಯದು! ಎಲ್ಲಕ್ಕಿಂತ ದೊಡ್ಡ ಸುಖವೆಂದರೆ ನಿಲ್ಲುವಾಗ ಕಾಲೂರಬೇಕಾಗಿಲ್ಲ.

ಆದರೆ ಹೊರಟ ಅರ್ಧ ಗಂಟೆಯಲ್ಲೇ ಮೂರನೆಯ ಗಾಲಿ ತನ್ನ ಸುಂಕವನ್ನು ಕೇಳತೊಡಗುತ್ತದೆ. ಎರಡು ಗಾಲಿಯ ಗಾಡಿ ನೆಲದ ಮೇಲೆ ಒಂದೇ ಜಾಡು ಹಿಡಿಯುತ್ತದೆ. ಗುಂಡಿ ಕಂಡರೆ ಸವಾರ ಪಕ್ಕಕ್ಕೆ ಸರಿಸಿಕೊಂಡು ಪಾರಾಗುತ್ತಾನೆ. ಮೂರು ಗಾಲಿಯದು ಮೂರು ಜಾಡು. ನಡುವಿನ ಗಾಲಿಯನ್ನು ಉಳಿಸಿದರೆ ಬದಿಯದು ಬೀಳುತ್ತದೆ, ಬದಿಯದನ್ನು ಉಳಿಸಿದರೆ ನಡುವಿನದು. ತಿರುವಿನಲ್ಲಿ ಮೋಟಾರ್ ಸೈಕಲ್ ಒಳಕ್ಕೆ ಬಾಗುವಂತೆ ಇದು ಬಾಗದು. ಸವಾರನ ಮೈ ಹೊರಗೆ ಎಸೆದಂತಾಗುತ್ತದೆ, ತೋಳಿನ ಬಲದಿಂದ ಹ್ಯಾಂಡಲನ್ನು ಎಳೆದು ತಿರುಗಿಸಬೇಕು. ಜೋಡಿ ಗಾಲಿ ಹಿಂದಿರುವ ಗಾಡಿಯಲ್ಲಿ ತಿರುವಿನ ನಡುವೆ ಬಲವಾಗಿ ಬ್ರೇಕ್ ಒತ್ತಿದರೆ ಒಳಬದಿಯ ಗಾಲಿ ನೆಲ ಬಿಡುವ ಭಯವೂ ಉಂಟು. ಬಸ್ಸಿಗೂ ಎತ್ತಿನ ಗಾಡಿಗೂ ನಡುವೆ ನುಸುಳುವ ಆಟವಂತೂ ನಡೆಯದು. ಟ್ರೈ ಗ್ಲೈಡ್‌ನ ತೂಕ ಅರ್ಧ ಟನ್ನಿಗೂ ಹೆಚ್ಚು. ಕೆರೆಯಂಗಳದ ಮೆತ್ತನೆಯ ಮಣ್ಣಿನಲ್ಲಿ ಅದು ಹೂತರೆ ಊರಿನವರೇ ಬರಬೇಕು.

ಸುಗ್ಗಿಯ ಕಾಲದ ತೊಡಕು ಇನ್ನೊಂದು ಬಗೆಯದು. ಈ ಸೀಮೆಯ ರೈತರು ರಾಗಿಯ ತೆನೆಯನ್ನೂ ಹುರುಳಿಯ ಗಿಡವನ್ನೂ ಡಾಂಬರು ರಸ್ತೆಯ ಮೇಲೆ ಹರಡುತ್ತಾರೆ. ಹೋಗಿಬರುವ ವಾಹನಗಳ ಗಾಲಿಗಳೇ ಒಕ್ಕಣೆ ಮಾಡಿಕೊಡುತ್ತವೆ. ಕಣ ಮಾಡುವ ಕಷ್ಟವಿಲ್ಲ, ಕೂಲಿಯೂ ಉಳಿಯಿತು. ಎರಡು ಗಾಲಿಯವರು ಅಲ್ಲಿ ಜಾರಿ ಬೀಳುತ್ತಾರೆ. ಮೂರು ಗಾಲಿಯವರು ಬೀಳಲಾರರು. ಆದರೆ ಒಣ ಹುರುಳಿಬಳ್ಳಿ ಅಚ್ಚಿಗೆ ಸುತ್ತಿಕೊಂಡು, ಕಾದ ಕೊಳವೆಗೆ ತಾಗಿ ಹೊಗೆಯಾಡಿದರೆ ಗತಿಯೇನು? ಹೀಗೆ ಬೆಂಕಿ ಹೊತ್ತಿಕೊಂಡ ಕಾರುಗಳುಂಟು. ಇಳಿದು, ಬಾಗಿ, ಕೈಹಾಕಿ ಬಳ್ಳಿ ಬಿಡಿಸುವ ಹೊತ್ತಿಗೆ ವಿಲಾಸವೆಲ್ಲ ಇಳಿದಿರುತ್ತದೆ.

ಹಿಂದಿನವರ ಮೂರು ಗಾಲಿ ಇದಕ್ಕಿಂತ ಹಗುರವಾಗಿತ್ತು. 1955ರಲ್ಲಿ ಮದರಾಸಿನಲ್ಲಿ ಜೋಡಣೆ ಆರಂಭವಾದ ಬುಲೆಟ್ಟಿಗೆ ಎಡಬದಿಯಲ್ಲಿ ಸೈಡ್‌ಕಾರ್ ಕಟ್ಟಿ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋದ ಸಂಸಾರಗಳು ಎಷ್ಟೋ. ಅದಕ್ಕೂ ಹಟಮಾರಿತನವಿತ್ತು: ವೇಗ ಹೆಚ್ಚಿಸಿದರೆ ಎಡಕ್ಕೆ ಎಳೆಯುವುದು, ಬ್ರೇಕ್ ಹಿಡಿದರೆ ಬಲಕ್ಕೆ. ಎಡತಿರುವಿನಲ್ಲಿ ಖಾಲಿ ಸೈಡ್‌ಕಾರ್ ಮೇಲೆದ್ದೀತು. ಯಜಮಾನಿತಿ ಅದರಲ್ಲಿ ಕುಳಿತಿದ್ದರೆ ಆ ಭಯ ಕಡಮೆ.

ಹಳೇಬೀಡಿನಲ್ಲಿ ವಿಲಾಸೀ ವಾಹನ ನಿಂತರೆ ಮಕ್ಕಳು ಮುತ್ತುತ್ತಾರೆ. 1121ರಲ್ಲಿ ಕಟ್ಟತೊಡಗಿದ ಹೊಯ್ಸಳೇಶ್ವರನ ಗುಡಿ ಎದುರಿಗಿದ್ದರೂ ಕ್ಷಣಕಾಲ ಜನರ ಕಣ್ಣು ಗಾಡಿಯ ಮೇಲೆ! ಸವಾರನಿಗಾದರೋ ಮೊಣಕಾಲೆತ್ತರದ ಬೂಟು ಬಿಚ್ಚುವುದೇ ಒಂದು ವ್ರತ. ಬಿಚ್ಚಿದ ಮೇಲೆ ಮಧ್ಯಾಹ್ನದ ಕಲ್ಲು ಅಂಗಾಲನ್ನು ಸುಡುತ್ತದೆ.

ಅದೇ ಬಾಗಿಲ ಬಳಿ ಇನ್ನೊಂದು ವಾಹನ ನಿಂತಿರುವುದುಂಟು. ಅದನ್ನು ಯಾರೂ ಮುತ್ತುವುದಿಲ್ಲ. ಕಾಲಿನ ಬಲವಿಲ್ಲದವರಿಗೆಂದು ಹಿಂದೆ ಎರಡು ಪುಟ್ಟ ಗಾಲಿಗಳನ್ನು ಜೋಡಿಸಿದ ಸಾಧಾರಣ ಸ್ಕೂಟರ್ ಅದು. ಎಣಿಸಿದರೆ ನಾಲ್ಕು ಗಾಲಿ. ಜನರ ಬಾಯಲ್ಲಿ ಮೂರು ಗಾಲಿಯ ಗಾಡಿಯೇ. ಇಂಥವನ್ನು ಸರ್ಕಾರವೂ ಹಂಚಿದೆ. ಅಂಗಡಿಗೆ, ಕಛೇರಿಗೆ, ಸಂತೆಗೆ ಮತ್ತೊಬ್ಬರ ಕೈಕಾಯದೆ ಹೋಗಿಬರಲು ಅನೇಕರಿಗೆ ಅದೇ ಆಧಾರ. ಕಾಲೂರದೆ ನಿಲ್ಲುವ ಸುಖಕ್ಕೆ ಅಲ್ಲಿ ಸೋಫಾ ಬೇಕಾಗಲಿಲ್ಲ, ಸಂಗೀತ ಬೇಕಾಗಲಿಲ್ಲ. ಈ ಕಿರಿದಾದ ಹಾದಿಗೆ ಒಪ್ಪುವುದೂ ಅಂಥ ಹಗುರ ಗಾಡಿಯೇ. ಆದರೆ ಅದೂ ಬಾಗಿಲವರೆಗೆ ಮಾತ್ರ. ಜಗತಿಯನ್ನೇರಿ ಸುತ್ತಿದರೇ ಗೋಡೆಯ ಆನೆಗಳ ಸಾಲು, ಕುದುರೆಗಳ ಸಾಲು, ರಾಮಾಯಣ ಮಹಾಭಾರತಗಳ ಕಥಾಪಟ್ಟಿಕೆ ಹತ್ತಿರದಿಂದ ಕಾಣುವುದು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಲೋಕವೆಲ್ಲ ನೋಡಬೇಕಾದ ಆ ಸಾಲುಗಳನ್ನು ಸ್ಕೂಟರಿನವರು ನೋಡಬೇಕಾದರೆ ಯಾರಾದರೂ ಕೈಹಿಡಿದು ಮೆಟ್ಟಿಲೇರಿಸಬೇಕು.

ವಿಲಾಸೀ ಗಾಡಿಯಲ್ಲೇ ಬರುವ ಹಟವಿದ್ದವರು ದಸರೆ ಕಳೆದು, ರಾಗಿಯ ಕೊಯ್ಲಿಗೆ ಮುನ್ನ ಬರಬಹುದು. ಆಗ ಕೆರೆಗಳಲ್ಲಿ ನೀರು, ಹೊಲಗಳಲ್ಲಿ ಹಸುರು. ರಸ್ತೆಯ ಮೇಲೆ ಹುರುಳಿ ಇರದು. ಬೆಳಗಿನ ಜಾವಕ್ಕೇ ಅರಸೀಕೆರೆ ಬಿಟ್ಟರೆ ಕಲ್ಲು ಕಾಯುವ ಮೊದಲೇ ಹಳೇಬೀಡನ್ನು ನೋಡಿ ಮುಗಿಸಿ, ಇಳಿಹೊತ್ತಿಗೆ ಬೇಲೂರಿನಲ್ಲಿ ಚೆನ್ನಕೇಶವನ ಮುಂದೆ ನಿಲ್ಲಬಹುದು. ಬೂಟು ಮನೆಯಲ್ಲಿಟ್ಟು, ಚಪ್ಪಲಿಯಲ್ಲಿ ಬಾರದೆ, ಸುಲಭವಾಗಿ ಕಳಚುವ ಮುಚ್ಚು ಪಾದರಕ್ಷೆ ತೊಟ್ಟರೆ ಒಳ್ಳೆಯದು.